ಶಾಲೆಯ ತಾಪತ್ರಯವಿಲ್ಲದ ಜಾಗ ಮಾರುವುದಿದೆ

ಮುರ್ಡೇಶ್ವರದ ಸುತ್ತ ಜಾಗ ನೋಡಲು ಬರುವವರ ಜಾಣತನವನ್ನು ಇದುವರೆಗೆ ಯಾರೂ ಸರಿಯಾಗಿ ಹೊಗಳಿದ್ದಿಲ್ಲ. ಗೋಪುರವನ್ನು ಹೊಗಳಿದ್ದಾರೆ, 123 ಅಡಿಯ ಶಿವನನ್ನು ಹೊಗಳಿದ್ದಾರೆ, ನೇತ್ರಾಣಿಯ ಮೀನುಗಳನ್ನೂ ನೀರಿನೊಳಗೆ ಮುಳುಗಿ ಹೊಗಳಿ ಬಂದಿದ್ದಾರೆ. ಮನೆ ಕೊಳ್ಳುವವನ ಪಾಲಿಗೆ ಎರಡು ಒಳ್ಳೆಯ ಮಾತು ಬಿದ್ದಿಲ್ಲ. ಆ ಬಾಕಿ ತೀರಿಸಲು ಈ ಬರಹ.

ಅವರು ಕೇಳುವ ಪ್ರಶ್ನೆಗಳನ್ನಾದರೂ ನೋಡಿ. ಬಾವಿಯ ನೀರು ಏಪ್ರಿಲ್ ಬಂದರೆ ಉಪ್ಪಾಗುತ್ತದೆಯೇ? ಬಿನ್‌ಶೇತ್ಕಿ ಆಗಿದೆಯೋ, ಗದ್ದೆಯ ಪಹಣಿ ತೋರಿಸಿಯೇ ಮಾರುತ್ತಿದ್ದೀರೋ? ಸಿಆರ್‌ಝಡ್ ಗೆರೆ ಬಚ್ಚಲುಮನೆಯ ಮೇಲೆ ಹಾದುಹೋಗಿಲ್ಲವಷ್ಟೇ? ಅರಣ್ಯ ಅತಿಕ್ರಮಣದ ಫೈಲು ಯಾವುದಾದರೂ ಇದೆಯೇ? ಇ-ಸ್ವತ್ತಿನಲ್ಲಿ ನಮೂನೆ 9 ಸಿಗುತ್ತದೋ ಇಲ್ಲವೋ? ಹೆದ್ದಾರಿ 66 ಇನ್ನೊಮ್ಮೆ ಅಗಲವಾದರೆ ಪಾಗಾರ ಉಳಿಯುತ್ತದೆಯೇ? ಬಾಗಿಲು ಪೂರ್ವಕ್ಕಿದೆ ಸರಿ, ಅಡಿಗೆಮನೆ ಆಗ್ನೇಯಕ್ಕೆ ಬರುತ್ತದೆಯೇ? ಕೊನೆಯಲ್ಲಿ ಮಾಳಿಗೆ ಹತ್ತಿ ನಿಂತು, ಇಪ್ಪತ್ತು ಅಂತಸ್ತಿನ ರಾಜಗೋಪುರದಲ್ಲಿ ಎಷ್ಟು ಅಂತಸ್ತು ಇಲ್ಲಿಂದ ಕಾಣುತ್ತದೆ ಎಂದು ಬೆರಳು ಮಡಚುತ್ತಾರೆ. ತೆಂಗಿನ ಮರ ಅಡ್ಡ ಬಂದು ನಾಲ್ಕು ಅಂತಸ್ತು ಮರೆಯಾದರೆ ಗುಂಟೆಯ ಮೇಲೆ ಚೌಕಾಸಿ ಶುರು.

ಊರ ಕನ್ನಡ ಶಾಲೆ ಹೇಗಿದೆ ಎಂದು ಮಾತ್ರ ಕೇಳುವುದಿಲ್ಲ. ಇಷ್ಟೆಲ್ಲ ಕೇಳುವವರು ಅದನ್ನು ಮರೆತಿರುತ್ತಾರೆ ಎಂದು ಯಾರೂ ತಿಳಿಯಬಾರದು. ಅದು ಕೇಳಬೇಕಾದ ಸಂಗತಿಯಲ್ಲ ಎಂಬ ಜ್ಞಾನ ಅವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನಾನೊಮ್ಮೆ ಕುತೂಹಲಕ್ಕೆ ಜಾಗದ ದಲ್ಲಾಳಿಯೊಬ್ಬರನ್ನು ಕೇಳಿದೆ. ಅವರು ಗಾಬರಿಯಾದರು. ಜಾಗದಲ್ಲಿ ಏನೋ ಐಬು ನನಗೆ ಗೊತ್ತಾಗಿಬಿಟ್ಟಿದೆ ಎಂದುಕೊಂಡರೋ ಏನೋ. "ಶಾಲೆ ಉಂಟು ಸರ್, ಈ ಪಾಗಾರದ ಆಚೆಗೇ ಉಂಟು. ಆದ್ರೆ ಎಂತದೂ ತೊಂದ್ರೆ ಇಲ್ಲ. ಹನ್ನೊಂದು ಮಕ್ಕಳು ಅಷ್ಟೆ. ಗಲಾಟೆ ಇಲ್ಲ" ಎಂದು ಸಮಾಧಾನ ಹೇಳಿದರು.

ಶಾಲೆಯೊಂದರ ಬಗ್ಗೆ ಇದಕ್ಕಿಂತ ಸಮರ್ಪಕವಾದ ಮೌಲ್ಯಮಾಪನವನ್ನು ನಾನು ಕೇಳಿಲ್ಲ.

ಹೊರಗಿನ ಲೋಕ ಈ ವಿಷಯದಲ್ಲಿ ಎಷ್ಟು ಹಿಂದುಳಿದಿದೆ ಎಂದು ತಿಳಿದರೆ ನಮಗೆ ನಮ್ಮ ಮೇಲೇ ಗೌರವ ಹುಟ್ಟುತ್ತದೆ. ಅಮೆರಿಕದಲ್ಲಿ ಮನೆ ಮಾರುವ ಜಾಹೀರಾತಿನಲ್ಲಿ, ಮಲಗುವ ಕೋಣೆ ಎಷ್ಟು, ಬಚ್ಚಲು ಎಷ್ಟು ಎಂಬುದರ ಕೆಳಗೆ, ಆ ಓಣಿಯ ಮಕ್ಕಳು ಹೋಗಬೇಕಾದ ಪ್ರಾಥಮಿಕ ಶಾಲೆಗೆ ಹತ್ತರಲ್ಲಿ ಎಷ್ಟು ಅಂಕ ಎಂದೂ ಹಾಕಿರುತ್ತಾರೆ. ಮೂರು ಅಂಕದ ಓಣಿಯಲ್ಲಿ ಅಗ್ಗದ ದೊಡ್ಡ ಮನೆ ತೆಗೆದುಕೊಳ್ಳುವುದೋ, ಒಂಬತ್ತು ಅಂಕದ ಓಣಿಯಲ್ಲಿ ದುಬಾರಿ ಗೂಡು ಹಿಡಿಯುವುದೋ ಎಂದು ಗಂಡ ಹೆಂಡತಿ ನಿದ್ದೆಗೆಡುತ್ತಾರೆ. ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಶಾಲಾ ಗಡಿಯ ಆಚೆ ಈಚೆ ಎದುರುಬದುರು ನಿಂತ ಮನೆಗಳ ಬೆಲೆಯನ್ನು ಹೋಲಿಸಿ 1999ರಲ್ಲಿ ಒಂದು ಲೆಕ್ಕ ಕೊಟ್ಟರು: ಶಾಲೆಯ ಪರೀಕ್ಷಾ ಅಂಕ ಶೇ. 5ರಷ್ಟು ಮೇಲಿದ್ದರೆ ಮನೆಗೆ ಶೇ. 2.5ರಷ್ಟು ಹೆಚ್ಚು ಕೊಡಲು ತಂದೆತಾಯಿ ತಯಾರು. ಬೀಜಿಂಗಿನಲ್ಲಿ ಇದು ಇನ್ನೂ ವಿಕೋಪಕ್ಕೆ ಹೋಗಿದೆ. 2016ರಲ್ಲಿ ಅಲ್ಲಿ ಹೆಸರಾಂತ ಪ್ರಾಥಮಿಕ ಶಾಲೆಯೊಂದರ ಹತ್ತಿರ ಹನ್ನೊಂದು ಚದರ ಮೀಟರಿನ ಹಳೆಯ ಕೋಣೆ 53 ಲಕ್ಷ ಯುವಾನ್‌ಗೆ ಹೋಯಿತು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಗುಂಟೆಯ ಒಂಬತ್ತನೇ ಒಂದು ಪಾಲಿಗೆ ಐದು ಕೋಟಿ ರೂಪಾಯಿಗೂ ಮೇಲೆ. ಆ ದುಡ್ಡಿಗೆ ಮಾವಳ್ಳಿಯಿಂದ ಬೈಲೂರಿನವರೆಗೆ ನಡೆಯುತ್ತಾ ಕೈ ತೋರಿಸಿದ ತೋಟವನ್ನೆಲ್ಲ ಕೊಳ್ಳಬಹುದಿತ್ತು, ಸಮುದ್ರವೂ ಕಾಣುತ್ತಿತ್ತು.

ಆ ದೇಶಗಳ ಈ ದುರವಸ್ಥೆಗೆ ಕಾರಣ, ಮನೆಗೂ ಶಾಲೆಗೂ ಅವರು ಗಂಟು ಹಾಕಿಟ್ಟಿರುವುದು. ಅಮೆರಿಕದಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಊರ ಮನೆಗಳ ತೆರಿಗೆಯಿಂದಲೇ ಹೊರಡುತ್ತದೆ. ಹೀಗಾಗಿ ಮಕ್ಕಳಿಲ್ಲದ ಮುದುಕಪ್ಪನೂ ಶಾಲೆಯ ಸಭೆಗೆ ಹೋಗಿ ಕೂಗಾಡುತ್ತಾನೆ. ನಮ್ಮಲ್ಲಿ ಅಂಥ ಜಂಜಾಟವಿಲ್ಲ. ಮನೆ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಎಂದು ಕೊಟ್ಟರೆ ಓದುವವರ ಋಣವೂ ಬೇಡುವವರ ಋಣವೂ ಒಂದೇ ರಸೀದಿಯಲ್ಲಿ ಹರಿಯುತ್ತದೆ. ಶಾಲೆಯಲ್ಲಿ ಕಲಿಸುವ ಅಕ್ಕೋರ ಸಂಬಳ ಬೆಂಗಳೂರಿನಿಂದ ಬರುತ್ತದೆ, ಪುಸ್ತಕ ಬೆಂಗಳೂರಿನಿಂದ ಬರುತ್ತದೆ, ಸಮವಸ್ತ್ರದ ಬಟ್ಟೆ ಬಂದಾಗ ಅದೂ ಅಲ್ಲಿಂದಲೇ ಬರುತ್ತದೆ. ಪಾಗಾರದ ಈಚೆ ನಾವು, ಆಚೆ ಸರ್ಕಾರ.

ಇನ್ನು ಶಾಲೆ ಕೆಟ್ಟದ್ದು ಎಂದು ನಮಗೆ ಹೇಗೆ ಗೊತ್ತಾಗುತ್ತದೆ ಎಂದು ಯಾರಾದರೂ ಕೇಳಬಹುದು. ನಮ್ಮ ವಿಧಾನ ಅಮೆರಿಕದ ಹತ್ತು ಅಂಕಕ್ಕಿಂತ ಬಹಳ ಸರಳ, ಖರ್ಚೂ ಇಲ್ಲ. ಆ ಶಾಲೆಗೆ ನಮ್ಮಂಥವರ ಮಕ್ಕಳು ಹೋಗುವುದಿಲ್ಲ, ಆದ್ದರಿಂದ ಅದು ಕೆಟ್ಟದ್ದು. ನಮ್ಮಂಥವರ ಮಕ್ಕಳು ಯಾಕೆ ಹೋಗುವುದಿಲ್ಲ? ಅದು ಕೆಟ್ಟದ್ದಾದ್ದರಿಂದ. ಎರಡು ವಾಕ್ಯಗಳು ಒಂದನ್ನೊಂದು ಭುಜ ಕೊಟ್ಟು ಹೊತ್ತುಕೊಂಡಿವೆ; ಒಳಗೆ ಹೋಗಿ ನೋಡುವ ಕಷ್ಟ ಯಾರಿಗೂ ಇಲ್ಲ. ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿಹಳ್ಳಿಗೆ ಹೋಗಿ, ಐದನೆಯ ತರಗತಿಯ ಮಗುವಿನ ಕೈಗೆ ಎರಡನೆಯ ತರಗತಿಯ ಪಾಠ ಕೊಟ್ಟು ಓದಿಸಿ, ಕಳೆಯುವ ಲೆಕ್ಕ ಮಾಡಿಸಿ ವರದಿ ತರುತ್ತಾರೆ. ಸರ್ಕಾರಿ ಶಾಲೆಯ ಮಕ್ಕಳು ತಡವರಿಸಿದರು ಎಂಬ ಅರ್ಧ ಪುಟವನ್ನು ನಾವು ಜೋರಾಗಿ ಓದುತ್ತೇವೆ. ಖಾಸಗಿ ಶಾಲೆಯ ಮಕ್ಕಳಲ್ಲೂ ಬಹಳ ಮಂದಿ ಅದೇ ಸಾಲಿನಲ್ಲಿ ಅದೇ ಥರ ತಡವರಿಸಿದರು ಎಂಬ ಇನ್ನರ್ಧವನ್ನು ಪಕ್ಕದ ಮನೆಯವರಿಗೆ ಬಿಡುತ್ತೇವೆ.

ಮೊಬೈಲಿನ ನಕ್ಷೆಯಲ್ಲಿ ಮಾತ್ರ ಸ್ವಲ್ಪ ಗೊಂದಲವಾಗುತ್ತದೆ. ಯಾವುದೋ ಹಳೆಯ ಹಂಚಿನ ಕನ್ನಡ ಶಾಲೆಯ ಮೇಲೆ ಬೆರಳಿಟ್ಟರೆ ಐದಕ್ಕೆ ಐದು ನಕ್ಷತ್ರ ಹೊಳೆಯುತ್ತಿರುತ್ತದೆ. 'ನಾನು ಕಲಿತ ಶಾಲೆ, ನನ್ನ ಹೆಮ್ಮೆ', 'ಮರೆಯಲಾಗದ ಮಾಸ್ತರರು', 'ಅಂಗಳದ ನೆಲ್ಲಿಮರ ಈಗಲೂ ಇದೆಯೇ?' ಎಂದೆಲ್ಲ ಬರೆದಿರುತ್ತಾರೆ. ಬರೆದವರು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಹಳೆಯ ವಿದ್ಯಾರ್ಥಿಗಳು. ಅವರ ಮಕ್ಕಳು ಎಲ್ಲಿ ಓದುತ್ತಾರೆ ಎಂದು ನಕ್ಷೆಯಲ್ಲಿ ಹುಡುಕಬಾರದು, ಅದು ಸಭ್ಯತೆಯಲ್ಲ. ನಕ್ಷತ್ರ ಕೊಡಲು ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯೂ ಇಲ್ಲ. ಹೀಗೆ ಪ್ರೀತಿ ಒಂದು ಕಡೆ, ಮಗು ಇನ್ನೊಂದು ಕಡೆ ಎಂದು ವಿಂಗಡಿಸಿ ಇಟ್ಟುಕೊಳ್ಳುವ ಶಿಸ್ತು ಮೆಚ್ಚತಕ್ಕದ್ದು.

ಈಗ ಪಾಗಾರದ ಆಚೆಯ ಹನ್ನೊಂದು ಮಕ್ಕಳ ವಿಷಯಕ್ಕೆ ಬರುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಇಬ್ಬರೂ ನಿಜವಾಗಿ ಇದ್ದರೆ ಒಬ್ಬರ ಪಾಲಿಗೆ ಐದೂವರೆ ಮಗು. ಇದೇ ಅನುಪಾತ ಭಟ್ಕಳದ್ದೋ ಹೊನ್ನಾವರದ್ದೋ ಯಾವುದಾದರೂ ಖಾಸಗಿ ಶಾಲೆಯಲ್ಲಿ ಇದ್ದಿದ್ದರೆ 'ಪ್ರತಿ ಮಗುವಿಗೂ ವೈಯಕ್ತಿಕ ಗಮನ' ಎಂದು ಹೆದ್ದಾರಿಯ ಮೇಲೆ ಫಲಕ ಏಳುತ್ತಿತ್ತು, ಶುಲ್ಕದ ಎರಡನೇ ಕಂತು ಮೊದಲನೆಯದಕ್ಕಿಂತ ದೊಡ್ಡದಾಗುತ್ತಿತ್ತು. ಕನ್ನಡ ಶಾಲೆಯಲ್ಲಿ ಇದ್ದರೆ ಅದಕ್ಕೆ 'ಮಕ್ಕಳೇ ಇಲ್ಲ' ಎಂದು ಹೇಳುತ್ತೇವೆ. ಅಕ್ಕೋರು ಡಿ.ಎಡ್. ಮಾಡಿದವರು, ಟಿಇಟಿ ಪಾಸಾದವರು, ಆಮೇಲೆ ನೇಮಕಾತಿಯ ಪರೀಕ್ಷೆ ಬರೆದು ಪಟ್ಟಿಯಲ್ಲಿ ಹೆಸರು ಬರಿಸಿಕೊಂಡವರು. ಇಷ್ಟು ಪರೀಕ್ಷೆ ಪಾಸಾದವರ ಕೈಗೆ ಮಗುವನ್ನು ಕೊಡುವುದು ಅಪಾಯ ಎಂದು ಊರಿಗೆಲ್ಲ ಗೊತ್ತು. ಅಕ್ಕೋರಿಗೂ ಗೊತ್ತಿರಬೇಕು, ಅವರ ಮಗನೂ ಹಳದಿ ವ್ಯಾನಿನಲ್ಲೇ ಹೋಗುತ್ತಾನೆ.

ಇಬ್ಬರೂ ಇದ್ದರೆ ಎಂದೆ. ಅದು ಕಾಯ್ದೆಯ ಮಾತು. ವಾಸ್ತವದಲ್ಲಿ ಒಬ್ಬರು ವರ್ಗವಾಗಿ ಹೋಗಿರುತ್ತಾರೆ, ಆ ಜಾಗಕ್ಕೆ ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಗಣಪತಿ ಹಬ್ಬ ಮುಗಿದಿರುತ್ತದೆ. ಉಳಿದವರು ನಲಿ-ಕಲಿಯ ಒಂದರಿಂದ ಮೂರನೆಯ ತರಗತಿಯನ್ನು ಒಂದೇ ಕೋಣೆಯಲ್ಲಿ ಸುತ್ತ ಕೂರಿಸಿಕೊಂಡು, ನಾಲ್ಕನೆಯವರಿಗೆ ಬಾಗಿಲಿನಿಂದಲೇ ಮಗ್ಗಿ ಹೇಳುತ್ತಾ, ನಡುವೆ ಬಿಸಿಯೂಟದ ಅಕ್ಕಿಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆ ತಿಂದವರು ಬಾಳೆಹಣ್ಣು ತಿಂದವರು ಎಂಬ ಲೆಕ್ಕ ಬರೆದು ಮೊಬೈಲಿನಲ್ಲಿ ಕಳಿಸುತ್ತಾರೆ. ಮತದಾರರ ಪಟ್ಟಿ ಅವರದೇ, ಚುನಾವಣೆ ಅವರದೇ. 2025ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಮನೆಮನೆಗೆ ತಿರುಗಿದವರೂ ಬಹುಪಾಲು ಶಿಕ್ಷಕರೇ. ಸಮೀಕ್ಷೆ ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ನಾಡಿನ ಶೈಕ್ಷಣಿಕ ಸ್ಥಿತಿಯನ್ನು ತಿಳಿಯಲು ಶಾಲೆಗಳನ್ನು ಮುಚ್ಚಬೇಕಾಗಿ ಬಂದದ್ದು ನನಗೇನೂ ವಿಚಿತ್ರವೆನಿಸಲಿಲ್ಲ. ವೈದ್ಯರೂ ನಾಡಿ ನೋಡುವಾಗ ಸುಮ್ಮನಿರಲು ಹೇಳುತ್ತಾರಲ್ಲ. ಹೊಸ ಮನೆಗಳ ಯಜಮಾನರು ಅಕ್ಕೋರನ್ನು ಮುಖಾಮುಖಿ ಕಂಡದ್ದು ಆಗಲೇ, ಗೇಟಿನ ಈಚೆಯಿಂದ. ನೀರು ಕೊಡಲೇ ಎಂದು ಕೇಳಿದ ಮನೆಗಳೂ ಇವೆ, ಅದನ್ನು ಅಲ್ಲಗಳೆಯಲಾರೆ.

ಕಾನೂನಿನ ಸಹಾಯವೂ ಕಡಿಮೆಯಲ್ಲ. ಮನೆಯಿಂದ ಒಂದು ಕಿಲೋಮೀಟರಿನೊಳಗೆ ಒಂದರಿಂದ ಐದನೆಯವರೆಗಿನ ಶಾಲೆ ಇರಬೇಕು ಎಂದು ಸರ್ಕಾರ ವಿಧಿಸಿಕೊಂಡಿದೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗಳು ನಾಲ್ಕನೇ ಒಂದು ಭಾಗ ಸೀಟನ್ನು ನೆರೆಹೊರೆಯ ಬಡ ಮಕ್ಕಳಿಗೆ ಬಿಡಬೇಕು ಎಂದಿತ್ತು. ಆ ಸೀಟಿಗೆಂದು ಬಡವರೂ ಕನ್ನಡ ಶಾಲೆ ಬಿಟ್ಟು ಹೊರಟಾಗ ಸರ್ಕಾರ ನಿಯಮ ತಿದ್ದಿತು. 2019ರಿಂದ, ನೆರೆಯಲ್ಲಿ ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಇದ್ದರೆ ಖಾಸಗಿಯಲ್ಲಿ ಆ ಪುಕ್ಕಟೆ ಸೀಟು ಇಲ್ಲ. ಹೈಕೋರ್ಟ್ ಕೂಡ ಆ ವರ್ಷದ ಮೇ ತಿಂಗಳಲ್ಲಿ ಅದನ್ನು ಎತ್ತಿಹಿಡಿಯಿತು. ಶಾಲೆ ಹೇಗಿದೆ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು, ಇದೆ ಎಂದರೆ ಸಾಕು. ದುಡ್ಡು ಕೊಡುವವನಿಗೆ ಒಂದು ಕಿಲೋಮೀಟರು, ಹದಿನಾರು ಕಿಲೋಮೀಟರು ಎಲ್ಲ ಒಂದೇ. ಕೊಡಲಾಗದವನಿಗೆ ಮಾತ್ರ ನೆರೆಹೊರೆ ಎಂಬುದು ಕಾನೂನಿನ ಮೂಲಕ ಜಾರಿಯಾಗುತ್ತದೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂದು ಆರಿಸುವ ಸ್ವಾತಂತ್ರ್ಯ ತಂದೆತಾಯಿಯದು, ಮಾತೃಭಾಷೆಯನ್ನು ಸರ್ಕಾರ ಹೇರುವಂತಿಲ್ಲ ಎಂದು ಹೇಳಿತ್ತು. ಆ ಸ್ವಾತಂತ್ರ್ಯ ಮುರ್ಡೇಶ್ವರದ ಹೆದ್ದಾರಿ ತಿರುವಿನಲ್ಲಿ ಬೆಳಿಗ್ಗೆ ಏಳೂಕಾಲಕ್ಕೆ ಹಳದಿ ಬಣ್ಣದಲ್ಲಿ ಬಂದು ನಿಲ್ಲುತ್ತದೆ.

ವ್ಯಾನಿನ ಬಗ್ಗೆ ಹೇಳದಿದ್ದರೆ ಈ ಪ್ರಶಂಸೆ ಅಪೂರ್ಣ. ಜಾಗದ ಬೆಲೆಗೂ ವ್ಯಾನಿಗೂ ಇರುವ ಸಂಬಂಧ ಬ್ಲ್ಯಾಕ್ ಅವರ ಕಣ್ಣಿಗೆ ಬಿದ್ದಿದ್ದರೆ ಇನ್ನೊಂದು ಪ್ರಬಂಧವಾಗುತ್ತಿತ್ತು. 'ವ್ಯಾನು ಗೇಟಿನವರೆಗೆ ಬರುತ್ತದೆ' ಎಂದರೆ ಗುಂಟೆಗೆ ಒಂದು ದರ. 'ಸಂಕದ ಆಚೆ ನಿಲ್ಲುತ್ತದೆ, ಮಳೆಗಾಲದಲ್ಲಿ ಕೊಡೆ ಹಿಡಿದು ಬರಬೇಕು' ಎಂದರೆ ದರ ಬೇರೆ. ಮಂಕಿಯ ಮಗು ದಕ್ಷಿಣಕ್ಕೆ ಹೋಗುತ್ತದೆ, ಶಿರಾಲಿಯ ಮಗು ಉತ್ತರಕ್ಕೆ ಹೋಗುತ್ತದೆ, ಎರಡೂ ವ್ಯಾನುಗಳು ಕಾಯ್ಕಿಣಿಯ ಹತ್ತಿರ ಎದುರಾಗಿ ಹಾರ್ನ್ ಹೊಡೆದು ಮುಂದೆ ಹೋಗುತ್ತವೆ. ಎರಡರಲ್ಲೂ ಮಕ್ಕಳು ಪಾಟಿಚೀಲದ ಮೇಲೆ ತಲೆಯಿಟ್ಟು ಮಲಗಿರುತ್ತಾರೆ. ನಾಲ್ಕು ವರ್ಷದ ಮಗುವಿಗೆ ಇಷ್ಟು ಬೇಗ ಲೋಕ ಸುತ್ತುವ ಅಭ್ಯಾಸ ಮಾಡಿಸುವುದು ಸಣ್ಣ ಸಂಗತಿಯೇ? ಈ ಕಡೆಯವರು ಮುಂದೆ ಮಂಗಳೂರಿಗೆ, ಬೆಂಗಳೂರಿಗೆ, ಭಟ್ಕಳದವರಾದರೆ ದುಬೈಗೂ ಹೋಗತಕ್ಕವರು. ಊರು ಬಿಡುವ ತರಬೇತಿ ಎಲ್‌ಕೆಜಿಯಿಂದಲೇ ಸಿಗುತ್ತಿದೆ.

ವರ್ಷದಲ್ಲಿ ಕೆಲವು ದಿನ ಮಾತ್ರ ಈ ಏರ್ಪಾಟು ಮುರಿದುಬೀಳುತ್ತದೆ. ಜೂನ್-ಜುಲೈಯಲ್ಲಿ ಮಳೆ ಹಿಡಿದು ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆ ಕನ್ನಡ ಶಾಲೆ, ಖಾಸಗಿ ಶಾಲೆ, ಅಂಗನವಾಡಿ ಎಲ್ಲಕ್ಕೂ ಒಂದೇ ಆದೇಶ. ಕರಾವಳಿಯಲ್ಲಿ ಎಲ್ಲ ಮಕ್ಕಳಿಗೂ ಸಮಾನವಾಗಿ ಸಿಗುವ ಶಿಕ್ಷಣ ಸೌಲಭ್ಯವೆಂದರೆ ಸದ್ಯ ಇದೊಂದೇ. ಆ ದಿನಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ, ಜೂನ್ 1ರಿಂದ ಜುಲೈ 31ರವರೆಗೆ ದೋಣಿ ದಡದಲ್ಲೇ. ಬಂದರಿನ ಮಕ್ಕಳೂ ಹೊಸ ಮನೆಯ ಮಕ್ಕಳೂ ಒಂದೇ ನೀರಿನಲ್ಲಿ ಕಾಗದದ ದೋಣಿ ಬಿಡುತ್ತಾರೆ. ಮರುದಿನ ಬಿಸಿಲು ಬಿದ್ದರೆ ತಂದೆತಾಯಿಗಳು ದೊಡ್ಡ ನಿಟ್ಟುಸಿರು ಬಿಡುತ್ತಾರೆ.

ಹಿಂದಿನವರಿಗೆ ಈ ವಿವೇಕ ಇರಲಿಲ್ಲ ಎಂದು ಬೇಸರದಿಂದಲೇ ಹೇಳಬೇಕು. 1862ರಲ್ಲಿ ಈ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಏಳನೇ ಇಯತ್ತೆ, ಮುಲ್ಕಿ ಪರೀಕ್ಷೆ ಎಂದೆಲ್ಲ ಬಂತು. ಮುಲ್ಕಿ ಪಾಸಾದವನು ತಾನು ಕಲಿತ ಊರಿಗೇ ಮಾಸ್ತರನಾಗಿ ಬಂದು, ತನ್ನ ಮಕ್ಕಳನ್ನೂ ಅಲ್ಲೇ ಮುಂದಿನ ಸಾಲಿನಲ್ಲಿ ಕೂರಿಸಿ, ಬೇರೆಯವರಿಗಿಂತ ಎರಡು ಏಟು ಹೆಚ್ಚು ಹಾಕುತ್ತಿದ್ದ. ಊರಿಗೊಂದು ಶಾಲೆ ಬೇಕು ಎಂದರೆ ಜನ ಹಿತ್ತಲ ಅಂಚಿನಲ್ಲಿ ಐದೋ ಹತ್ತೋ ಗುಂಟೆ ಬಿಟ್ಟುಕೊಡುತ್ತಿದ್ದರು. ಚಿರೆಕಲ್ಲು ಒಬ್ಬರು, ಮರ ಒಬ್ಬರು, ಹಂಚು ಇನ್ನೊಬ್ಬರು. ಎಷ್ಟು ಮುಗ್ಧರೆಂದರೆ ದಾನಪತ್ರವನ್ನೂ ನೆಟ್ಟಗೆ ನೋಂದಾಯಿಸದೆ ಬಾಯಿಮಾತಿನಲ್ಲಿ ಕೊಟ್ಟುಬಿಟ್ಟವರಿದ್ದಾರೆ. ಈಗ ಮೊಮ್ಮಕ್ಕಳು ಪಹಣಿ ತೆಗೆಸಿ ನೋಡಿ, ಅಜ್ಜನ ಹೆಸರು ಇನ್ನೂ ಇದೆ ಎಂದು ಹಿಗ್ಗುತ್ತಾರೆ. ಪೂರ್ವಿಕರ ಮೇಲಿನ ಗೌರವ ನಮ್ಮಲ್ಲಿ ಕಡಿಮೆಯಾಗಿದೆ ಎನ್ನುವವರು ಒಮ್ಮೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಡಬೇಕು.

ದಿನಕರ ದೇಸಾಯಿಯವರನ್ನೇ ತೆಗೆದುಕೊಳ್ಳಿ. ಚುಟುಕ ಬರೆದುಕೊಂಡು ಹಾಯಾಗಿರಬಹುದಾಗಿದ್ದ ಮನುಷ್ಯ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, ಬಸ್ಸು ಹೋಗದ ಕಡೆಗೆಲ್ಲ ಹೈಸ್ಕೂಲು ತೆಗೆಯುತ್ತಾ ಹೋದರು. ಅಷ್ಟು ಊರುಗಳಲ್ಲಿ ಅಷ್ಟು ಜಾಗ ಕಣ್ಣಿಗೆ ಬಿದ್ದಾಗ ಬಿನ್‌ಶೇತ್ಕಿ ಮಾಡಿಸಿ ಸೈಟು ಹಾಕಬೇಕೆಂದು ಹೊಳೆಯಲೇ ಇಲ್ಲ. 1928ರಲ್ಲಿ ಈ ಕರಾವಳಿಯಲ್ಲಿ ಇಬ್ಬರು ಹುಟ್ಟಿದರು. ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ ಯಶವಂತ ಚಿತ್ತಾಲ, ಮುರ್ಡೇಶ್ವರದಲ್ಲಿ ಆರ್. ಎನ್. ಶೆಟ್ಟಿ. ಒಬ್ಬರು ಮುಂಬಯಿಯಲ್ಲಿ ರಸಾಯನ ವಿಜ್ಞಾನದ ಕೆಲಸ ಮಾಡುತ್ತಾ ಹನೇಹಳ್ಳಿಯನ್ನು ಕನ್ನಡ ಸಾಹಿತ್ಯದ ನಕ್ಷೆಯಲ್ಲಿ ಇಟ್ಟರು. ಇನ್ನೊಬ್ಬರು ಗುತ್ತಿಗೆದಾರರಾಗಿ ಬೆಳೆದು, ನಾವು ಮಾಳಿಗೆಯ ಮೇಲೆ ನಿಂತು ಅಂತಸ್ತು ಎಣಿಸುವ ಆ ಗೋಪುರವನ್ನೇ ನಿಲ್ಲಿಸಿದರು, ಊರಿಗೆ ಪಾಲಿಟೆಕ್ನಿಕ್ಕನ್ನೂ ತಂದರು. ಅವರ ಕಾಲದ ಊರುಗಳಲ್ಲಿ ಇದ್ದದ್ದೇ ಶಾಲೆ, ಅದಕ್ಕೆ ಅಂಕವಿಲ್ಲ, ನಕ್ಷತ್ರವಿಲ್ಲ, ವ್ಯಾನೂ ಇಲ್ಲ. ಚೆನ್ನಾಗಿ ವಿಚಾರಿಸುವ ತಂದೆತಾಯಿ ಸಿಕ್ಕಿದ್ದರೆ ಇಬ್ಬರೂ ಇನ್ನೆಷ್ಟು ಮುಂದೆ ಹೋಗುತ್ತಿದ್ದರೋ.

ಹೊಗಳುವ ಭರದಲ್ಲಿ ಅಪಾಯಗಳನ್ನು ಮುಚ್ಚಿಡಬಾರದು. ಮೊದಲನೆಯದು, ಶಾಲೆ ಸುಧಾರಿಸಿಬಿಡುವ ಅಪಾಯ. 2019-20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ತೆರೆದರು. ಕೆಲವು ಕಡೆ ಜನ ಸಾಲು ನಿಂತು ಸೇರಿಸಿದರು ಎಂಬ ಸುದ್ದಿಯೂ ಬಂತು. ವ್ಯಾನಿಗೆ ಕೊಡುವ ದುಡ್ಡು ಉಳಿದರೆ ಅದನ್ನು ಏನು ಮಾಡುವುದು ಎಂಬ ಹೊಸ ಚಿಂತೆ ಮನೆಗಳಲ್ಲಿ ಹುಟ್ಟಬಹುದು. ಎರಡನೆಯದು ಕೋರ್ಟು. 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು, ಸರ್ಕಾರದ ಬೊಕ್ಕಸದಿಂದ ಸಂಬಳ ತೆಗೆದುಕೊಳ್ಳುವ ಎಲ್ಲರೂ ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕು ಎಂದು ಆದೇಶ ಕೊಟ್ಟುಬಿಟ್ಟಿತು. ಅಧಿಕಾರಿಗಳ ಮಗ ಕೂರುವ ಕೋಣೆ ಸೋರುವುದಿಲ್ಲ ಎಂಬುದು ನ್ಯಾಯಾಲಯದ ತರ್ಕ. ಉತ್ತರ ಪ್ರದೇಶದವರು ಗಟ್ಟಿಗರು, ಆದೇಶವನ್ನು ಕಾಗದದಿಂದ ಕೆಳಗಿಳಿಯಲು ಬಿಡಲಿಲ್ಲ. ಆದರೂ ಇಂಥ ವಿಚಾರಗಳು ರೈಲು ಹತ್ತಿ ಎಲ್ಲಿಗೆ ಬೇಕಾದರೂ ಬರುತ್ತವೆ.

ಹಳೆಯ ವಿದ್ಯಾರ್ಥಿ ಸಂಘಗಳನ್ನು ಮಾತ್ರ ಅಪಾಯದ ಪಟ್ಟಿಗೆ ಸೇರಿಸುವ ಅಗತ್ಯವಿಲ್ಲ. ಅವರು ದುಡ್ಡು ಕೂಡಿಸಿ ಶಾಲೆಯ ಗೋಡೆಗೆ ರೈಲು ಡಬ್ಬಿಯ ಬಣ್ಣ ಹೊಡೆಸುತ್ತಾರೆ. ಈಚೆಗೆ ರಾಜ್ಯದ ತುಂಬ ಇದೇ ರೂಢಿ. ಬಾಗಿಲೇ ಬೋಗಿಯ ಬಾಗಿಲು, ಕಿಟಕಿಯೇ ಬೋಗಿಯ ಕಿಟಕಿ. ಶತಮಾನೋತ್ಸವವಾದರೆ ಶಾಮಿಯಾನ, ಯಕ್ಷಗಾನ, ಹಳೆಯ ಮಾಸ್ತರರಿಗೆ ಶಾಲು, ಅಧ್ಯಕ್ಷರ ಭಾಷಣದಲ್ಲಿ 'ಕನ್ನಡ ಶಾಲೆ ಉಳಿಯಬೇಕು'. ಭಾಷಣ ಕೇಳಲು ಬಂದ ಕಾರುಗಳು ಮೈದಾನ ತುಂಬಿ ರಸ್ತೆಗೆ ಬಂದಿರುತ್ತವೆ. ಒಂದು ಕಾರಿಗೆ ಒಂದು ಮಗುವನ್ನು ಬಿಟ್ಟುಹೋಗಿದ್ದರೂ ಮೂರನೆಯ ಶಿಕ್ಷಕರ ಹುದ್ದೆ ಮಂಜೂರಾಗುತ್ತಿತ್ತು. ಆದರೆ ಅಂಥ ಅವಸರದ ಕೆಲಸವನ್ನು ನಮ್ಮವರು ಮಾಡುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಅನುಮಾನವಿದ್ದರೆ ಜಾಗದ ಭವಿಷ್ಯವನ್ನು ನೋಡಿ. ಇವತ್ತು ಹನ್ನೊಂದು ಮಕ್ಕಳು, ಮುಂದಿನ ವರ್ಷ ಎಂಟು. ಆಮೇಲೆ ಪಕ್ಕದ ಊರಿನ ಶಾಲೆಯೊಂದಿಗೆ ವಿಲೀನ. ಕಟ್ಟಡ ಮತಗಟ್ಟೆಯಾಗಿ ಉಳಿಯುತ್ತದೆ, ಐದು ವರ್ಷಕ್ಕೆರಡು ಸಲ ಬಾಗಿಲು ತೆರೆದರೆ ಸಾಕು. ಮೈದಾನ ಖಾಲಿ. ಡಿಸೆಂಬರಿನ ರಜೆಗೆ, ಶಿವರಾತ್ರಿಗೆ ಮುರ್ಡೇಶ್ವರದಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕಿದವರಿಗೆ ಒಂದು ಖಾಲಿ ಮೈದಾನದ ಬೆಲೆ ಗೊತ್ತು. ಪಕ್ಕದಲ್ಲೇ ನಿಮ್ಮ ಹೊಸ ಮನೆ, ಮೇಲಿನ ಎರಡು ಕೋಣೆ ಹೋಮ್‌ಸ್ಟೇಗೆ, ಬೋರ್ಡಿನಲ್ಲಿ 'ವಿಶಾಲ ಪಾರ್ಕಿಂಗ್'. ಮಾರ್ಗಸೂಚಿ ಬೆಲೆ ಏರಿದಂತೆಲ್ಲ ಶೇ. 5ರ ಮುದ್ರಾಂಕ ಶುಲ್ಕವೂ, 2025ರ ಆಗಸ್ಟ್ ಕೊನೆಯಿಂದ ಒಂದಕ್ಕೆ ಎರಡಾದ ನೋಂದಣಿ ಶುಲ್ಕವೂ ಏರುತ್ತದೆ, ಸರ್ಕಾರಕ್ಕೂ ಲಾಭ.

ಈ ಯೋಜನೆಯನ್ನು ಈಗಲೇ ಶುರುಮಾಡಬಹುದೇ, ಭಾನುವಾರಗಳಲ್ಲಿ ಮೈದಾನದಲ್ಲಿ ಗಾಡಿ ನಿಲ್ಲಿಸಲು ಯಾರನ್ನು ಕೇಳಬೇಕು ಎಂದು ಜಾಗ ಕೊಂಡು ಮನೆ ಕಟ್ಟಿಸುತ್ತಿರುವವರೊಬ್ಬರು ವಿಚಾರಿಸಿದರು. ಶಾಲಾಭಿವೃದ್ಧಿ ಸಮಿತಿಯನ್ನು, ಅಂದರೆ ಎಸ್‌ಡಿಎಂಸಿಯನ್ನು ಕೇಳಬೇಕು ಎಂದೆ. ಹಾಗಾದರೆ ತಾವೇ ಅದಕ್ಕೆ ಸೇರಿ ಅಧ್ಯಕ್ಷರಾಗುತ್ತೇವೆ, ಊರಿನ ಸೇವೆಯೂ ಆಯಿತು ಎಂದರು. ಒಂದು ಸಣ್ಣ ತೊಡಕಿದೆ: ಆ ಸಮಿತಿಯ ಅಧ್ಯಕ್ಷರು ಪಾಲಕರ ನಡುವಿನಿಂದಲೇ ಬರಬೇಕು, ಅಂದರೆ ಮಗು ಆ ಶಾಲೆಯಲ್ಲಿ ಓದುತ್ತಿರಬೇಕು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಈಗ ಅಧ್ಯಕ್ಷರು ಯಾರು ಎಂದು ಕೇಳಿದರು. ಈಗಿನವರು ಘಟ್ಟದ ಮೇಲಿನಿಂದ ಕೆಲಸಕ್ಕೆ ಬಂದು, ಇವರ ಮನೆಯ ಸಿಮೆಂಟು ಚೀಲಗಳ ಪಕ್ಕದ ತಗಡಿನ ಶೆಡ್ಡಿನಲ್ಲೇ ಬಿಡಾರ ಹೂಡಿರುವ ಗೌಂಡಿ. ಮಗಳು ಎರಡನೆಯ ತರಗತಿ. ಮೇಲಿನ ಅಂತಸ್ತಿನಲ್ಲಿ ಗಿಲಾವು ನಡೆಯುತ್ತಿತ್ತು, ಅಲ್ಲೇ ಇದ್ದರು. ಹೋಗಿ ಮಾತಾಡಿ, ಆದರೆ ಮೊದಲು ಎರಡು ವಾರದ ಬಾಕಿ ಕೂಲಿ ಕೊಟ್ಟುಬಿಡಿ ಎಂದು ಹೇಳಿ ಕಳಿಸಿದೆ.